ಬುಲೆಟ್ ಸೀನನ ಶಬ್ದ ಸತ್ಯಾಗ್ರಹ

ದೊಡ್ಡಬಳ್ಳಾಪುರದವರು ಸದ್ದಿಗೆ ಬೆಚ್ಚುವ ಜನ ಅಲ್ಲ. ಬೆಳಗಾದರೆ ಬೀದಿ ಬೀದಿಯಲ್ಲಿ ಪವರ್‌ಲೂಮ್ ಶುರುವಾಗುತ್ತದೆ. ಮಗ್ಗದ ಮನೆಯ ಕೂಸು ಕಟಕಟ ಸದ್ದಿನಲ್ಲಿ ಹಾಯಾಗಿ ಮಲಗಿರುತ್ತದೆ, ಕರೆಂಟು ಹೋದಾಗ ಎದ್ದು ಅಳುತ್ತದೆ. ಹೆದ್ದಾರಿಯಲ್ಲಿ ಹಿಂದೂಪುರದ ಲಾರಿಗಳು, ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರಿ ಬಸ್ಸುಗಳು. ಎರಡು ವರ್ಷಕ್ಕೊಮ್ಮೆ ಯಲಹಂಕದ ಏರ್ ಶೋ ಬಂದರೆ ಆಕಾಶದಲ್ಲೂ ಗಲಾಟೆ. ಇಂಥ ಊರಿನವರು ಕೈಲಿದ್ದ ಕೆಲಸ ಬಿಟ್ಟು, ‘ಯಾವನಯ್ಯ ಅವನು?’ ಎಂದು ಬಾಗಿಲಿಗೆ ಬರುವಂತೆ ಮಾಡಬೇಕಾದರೆ ಅದಕ್ಕೊಂದು ಯೋಗ್ಯತೆ ಬೇಕು. ಆ ಯೋಗ್ಯತೆ ಇರುವವನು ಬುಲೆಟ್ ಸೀನ.

ಸೀನ ಒಬ್ಬನೇ ಅಂದುಕೊಳ್ಳಬೇಡಿ. ಬೀದಿಗೊಬ್ಬನಂತೆ ಇದ್ದಾನೆ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಬ್ರಾಂಚುಗಳಿವೆ. ವಯಸ್ಸು ಇಪ್ಪತ್ತರ ಮೇಲೆ, ಮೂವತ್ತರ ಒಳಗೆ. ಗಡ್ಡಕ್ಕೆ ದಿನಾ ಎಣ್ಣೆ, ಗಾಡಿಯ ಚೈನಿಗೆ ನೆನಪಾದಾಗ. ಗಾಡಿಯ ಕಂತು ಅಪ್ಪನದು, ಪೆಟ್ರೋಲು ಅಮ್ಮನ ಚೀಟಿ ದುಡ್ಡಿನದು, ಗತ್ತು ಮಾತ್ರ ಸ್ವಂತದ್ದು. ಹೆಲ್ಮೆಟ್ ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಇದೆ, ಅದು ಬಲಗಡೆ ಕನ್ನಡಿಯ ತಲೆ ಕಾಯುತ್ತದೆ.

ಷೋರೂಮಿನಿಂದ ಗಾಡಿ ಬಂದಾಗ ಅದಕ್ಕೆ ಸದ್ದೇ ಇರಲಿಲ್ಲ ಎಂಬುದು ಸೀನನ ದೂರು. ‘ಗಾಡಿ ಹೋದ್ರೆ ಒಂದು ನಾಯೀನೂ ತಿರುಗಿ ನೋಡಲ್ಲ ಅಣ್ಣ. ಅದ್ಯಾಕೆ ಬೇಕು ಬುಲೆಟ್ಟು?’ ಆ ಅವಮಾನ ತಾಳಲಾರದೆ ಒಂದು ಭಾನುವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದ. ಅಲ್ಲಿ ಇಂದೋರಿ, ಪಂಜಾಬಿ, ಮೆಗಾಫೋನ್, ಡಾಲ್ಫಿನ್ ಎಂದು ನಾನಾ ಕುಲಗೋತ್ರದ ಸೈಲೆನ್ಸರುಗಳು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡುವ ರೈತನಂತೆ ಸೀನ ಒಂದೊಂದರ ಬಾಯೊಳಗೂ ಕಣ್ಣಿಟ್ಟು ನೋಡಿದ. ಒಳಗೆ ಏನೂ ಇಲ್ಲದ್ದನ್ನೇ ಆರಿಸಿಕೊಂಡ.

ಒಳಗೆ ಏನಿರಬೇಕಿತ್ತು ಎಂಬುದು ಸೀನನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಎಂಜಿನ್ನಿನಲ್ಲಿ ಪೆಟ್ರೋಲು ಸಿಡಿದಾಗಲೆಲ್ಲ ಬಿಸಿ ಹೊಗೆ ಭಾರೀ ಒತ್ತಡದಲ್ಲಿ ಹೊರಗೆ ನುಗ್ಗುತ್ತದೆ. ಕಂಪನಿ ಸೈಲೆನ್ಸರಿನ ಒಳಗೆ ಕೋಣೆ, ಅಡ್ಡಗೋಡೆ, ತೂತಿನ ಕೊಳವೆ ಇಟ್ಟು ಅದನ್ನು ಸುತ್ತಿಸಿ, ಸುಸ್ತು ಮಾಡಿಸಿ ಕಳಿಸುತ್ತಾರೆ. ಸೀನ ತಂದದ್ದು ನೇರ ಕೊಳವೆ. ಅದರ ಬಾಯಲ್ಲಿದ್ದ ‘ಡಿಬಿ ಕಿಲ್ಲರ್’ ಎಂಬ ಬೆರಳುದ್ದದ ತಡೆಯನ್ನೂ ಸ್ಕ್ರೂ ಬಿಚ್ಚಿ ತೆಗೆದ. ಇಷ್ಟು ಸಾಲದೆಂದು ಓಡುವ ಗಾಡಿಯ ಕೀ ಆಫ್ ಮಾಡಿ ಆನ್ ಮಾಡುವ ವಿದ್ಯೆ ಕಲಿತ. ಉರಿಯದೆ ಉಳಿದ ಪೆಟ್ರೋಲಿನ ಆವಿ ಕಾದ ಕೊಳವೆಯಲ್ಲಿ ಹೊತ್ತಿಕೊಂಡು ‘ಢಂ’ ಎನ್ನುತ್ತದೆ. ದೀಪಾವಳಿ ಸೀನನಿಗೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ.

ಸರ್ಕಾರ ಇದಕ್ಕೆಲ್ಲ ಅಡ್ಡಗಾಲು ಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ಗಾಡಿಗೂ ಸದ್ದಡಗಿಸುವ ಸೈಲೆನ್ಸರ್ ಇರಲೇಬೇಕು. ಗಾಡಿ ತಯಾರಾಗುವ ಹಂತದಲ್ಲೇ 175 ಸಿಸಿಗಿಂತ ದೊಡ್ಡ ಬೈಕಿಗೆ 80 ಡೆಸಿಬಲ್ ಮಿತಿ. ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ. 2019ರ ತಿದ್ದುಪಡಿಯಾದ ಮೇಲೆ ಹಾಗೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಬದಲಾವಣೆ ಒಂದಕ್ಕೆ’ ಎಂಬುದನ್ನು ಕೇಳಿದ ಸೀನ ಸೈಲೆನ್ಸರು, ಹ್ಯಾಂಡಲು, ಹಾರನ್ನು, ಹೆಡ್‌ಲೈಟು ಎಂದು ಬೆರಳು ಮಡಿಸುತ್ತಾ ಹೋಗಿ, ಎರಡನೆಯ ಕೈಗೆ ಬಂದಾಗ ನಿಲ್ಲಿಸಿದ.

ಡೆಸಿಬಲ್ ಲೆಕ್ಕ ಮಾತ್ರ ಅವನು ಒಪ್ಪುವುದಿಲ್ಲ. ‘80 ಇದ್ದಿದ್ದು 100 ಆದ್ರೆ ಏನಣ್ಣ, ಇಪ್ಪತ್ತು ತಾನೆ ಜಾಸ್ತಿ?’ ಡೆಸಿಬಲ್ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು ಎಂದು ಬಿಡಿಸಿ ಹೇಳಿದರೆ ಅವನ ಮುಖ ಅರಳುತ್ತದೆ. ‘ನೂರು ಪಟ್ಟಾ? ಹಂಗಾದ್ರೆ ಕೊಟ್ಟ ದುಡ್ಡು ವಸೂಲಾಯ್ತು ಬಿಡಿ!’

ಟೀ ಅಂಗಡಿ ಮುಂದೆ ಗಾಡಿಗೆ ಒರಗಿ ನಿಂತರೆ ಸೀನನ ಹೋರಾಟದ ಭಾಷಣ ಶುರು. ಮೊದಲನೆಯದು ಸುರಕ್ಷತೆ: ‘ಸೌಂಡ್ ಇದ್ರೆ ಲಾರಿಯವನು ಸೈಡ್ ಕೊಡ್ತಾನೆ. ಇದು ಜೀವ ಉಳಿಸೋ ಸೌಂಡು.’ ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಮುಂದಿನ ಲಾರಿಯವನಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಅದು ಹಿಂದೆ ಬರುತ್ತಿರುವ, ಯಾವ ರೀತಿಯಲ್ಲೂ ಸೀನನಿಗೆ ಡಿಕ್ಕಿ ಹೊಡೆಯಲಾಗದ ಅಜ್ಜಿಗೆ ಕೇಳುತ್ತದೆ. ನಿಜವಾಗಿ ಜೀವ ಉಳಿಸುವ ವಸ್ತು ಕನ್ನಡಿಗೆ ನೇತುಬಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ಎರಡನೆಯದು ಸಮಾನತೆ: ‘ಗಣಪತಿ ಬಿಡೋವಾಗ ಡಿಜೆ ಹಾಕ್ತಾರೆ, ಎಲೆಕ್ಷನ್ನಲ್ಲಿ ಮೈಕು ಕಟ್ತಾರೆ, ಅವರನ್ನ ಕೇಳಲ್ಲ. ಬಡವರ ಮಕ್ಕಳನ್ನ ಮಾತ್ರ ಹಿಡೀತಾರೆ.’ ಎರಡು ಲಕ್ಷದ ಗಾಡಿಯ ಮೇಲೆ ಕೂತು ಬಡವರ ಪರ ಮಾತಾಡುವುದಕ್ಕೂ ದೊಡ್ಡ ಮನಸ್ಸು ಬೇಕು. ಆದರೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅದನ್ನು ಡಿಜೆಯವರೂ ಓದಿಲ್ಲ, ಮೈಕಿನವರೂ ಓದಿಲ್ಲ. ಮೂವರನ್ನೂ ಒಟ್ಟಿಗೆ ಕೂರಿಸಿ ಪಾಠ ಹೇಳೋಣ ಎಂದರೆ ಸೀನನಿಗೆ ತುರ್ತಾಗಿ ಎಲ್ಲಿಗೋ ಹೋಗುವುದಿರುತ್ತದೆ.

ಮೂರನೆಯದು ಪರಂಪರೆ: ‘ಹಳೇ ಕಾಲದ ಬುಲೆಟ್ ಸೌಂಡು ವಾಪಸ್ ತರ್ತಿದೀನಿ.’ ಟೀ ಅಂಗಡಿಯಲ್ಲಿ ಯೆಜ್ಡಿ ಇಟ್ಟಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಆ ಬೈಕ್ ತಯಾರಾಗುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಕಥೆಯನ್ನು ಅವರು ಸ್ವಂತ ಮನೆಯ ಸಾವಿನಂತೆ ಹೇಳುತ್ತಾರೆ. ‘ನಮ್ಮ ಗಾಡಿಗೂ ಸದ್ದಿತ್ತು ಕಣಯ್ಯ. ಎರಡೆರಡು ಸೈಲೆನ್ಸರು. ಆದ್ರೆ ಅದು ಕಂಪ್ನಿ ಕೊಟ್ಟ ಸದ್ದು. ನಿಂದು ಕಾಸು ಕೊಟ್ಟು ತಂದ ಕೆಮ್ಮು’ ಎಂದದ್ದೇ ಅವರು ಟೀ ಮುಗಿಸಿ ಹೊರಟರು.

ಸೀನನ ಬಾಯಿ ನಿಜವಾಗಿ ಕಟ್ಟಿದ್ದು ನೇಕಾರರೊಬ್ಬರ ಮುಂದೆ. ‘ನಿಮ್ಮ ಮಗ್ಗ ಬೆಳಗ್ಗಿಂದ ಬಡ್ಕೊಳ್ಳತ್ತಲ್ಲ ಯಜಮಾನ್ರೇ, ಅದಕ್ಕೆ ಕಾನೂನಿಲ್ವಾ?’ ಎಂದು ಕೆಣಕಿದ. ಅವರು ತುಂಡಾದ ರೇಷ್ಮೆ ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: ‘ಮಗ್ಗ ಇಷ್ಟು ಸದ್ದು ಮಾಡಿದ್ರೆ ಒಂದು ಸೀರೆ ಇಳಿಯತ್ತೆ ಕಣಪ್ಪ. ನಿನ್ನ ಗಾಡಿಯಿಂದ ಏನು ಇಳಿಯತ್ತೆ?’ ಸೀನ ಮೊಬೈಲ್ ತೆಗೆದು ಬಾರದ ಕಾಲಿಗೆ ‘ಹಲೋ’ ಎಂದ.

ಪೊಲೀಸರ ಮುಂದೆ ಮಾತ್ರ ಸೀನನ ಕೊರಳು ಎಂಬತ್ತು ಡೆಸಿಬಲ್ಲಿಗಿಂತ ಬಹಳ ಕೆಳಗೆ. ಡಿ ಕ್ರಾಸಿನ ಹತ್ತಿರ ತಡೆದು ನಿಲ್ಲಿಸಿದರು ಎನ್ನಿ.

‘ಸೈಲೆನ್ಸರ್ ಯಾಕೋ ಚೇಂಜ್ ಮಾಡಿಸಿದೀಯ?’

‘ಕಂಪ್ನಿದೇ ಸಾರ್.’

‘ಯಾವ ಕಂಪ್ನಿ?’

‘ಎಮಿಷನ್ ಸರ್ಟಿಫಿಕೇಟ್ ಇದೆ ಸಾರ್.’

ಎಮಿಷನ್ ಪರೀಕ್ಷೆ ನೋಡುವುದು ಹೊಗೆಯನ್ನು, ಸದ್ದನ್ನಲ್ಲ. ಆದರೂ ಆ ಕಾಗದವನ್ನು ಸೀನ ಆಂಜನೇಯನ ತಾಯತದಂತೆ ಹಿಡಿಯುತ್ತಾನೆ. ಅದು ಕೆಲಸ ಮಾಡದಿದ್ದರೆ ‘ಊರಿನ ಹುಡುಗ ಸಾರ್’, ಅದೂ ನಡೆಯದಿದ್ದರೆ ‘ಅಪ್ಪಂಗೆ ಹೇಳ್ಬೇಡಿ ಸಾರ್’. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ಮೇಲೆ ರೋಡ್ ರೋಲರ್ ಹತ್ತಿಸಿದ್ದಾರೆ. ಆ ವಿಡಿಯೋ ನೋಡಿದ ದಿನ ಸೀನ ರಾತ್ರಿ ಊಟ ಮಾಡಲಿಲ್ಲ.

ಇಷ್ಟೆಲ್ಲ ಹಕ್ಕಿನ ಮಾತಾಡುವ ಸೀನ ತನ್ನ ಬೀದಿಗೆ ಬರುವುದನ್ನು ನೋಡಬೇಕು. ರಾತ್ರಿ ಹನ್ನೊಂದಕ್ಕೆ ಸರ್ಕಾರಿ ಆಸ್ಪತ್ರೆ ಮುಂದೆ ಎರಡು ‘ಢಂ’ ಹಾರಿಸಿ ಬರುತ್ತಾನೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಬಹುದು ಎಂಬ ನಿಯಮ ಅವನಿಗೆ ಅಡ್ಡ ಬರುವುದಿಲ್ಲ. ಮನೆ ತಿರುವಿಗೆ ಬಂದೊಡನೆ ಎಂಜಿನ್ ಆಫ್. ಇಳಿದು, ಚಪ್ಪಲಿ ಸದ್ದೂ ಆಗದಂತೆ, ಹತ್ತಿರ ಹತ್ತಿರ ಇನ್ನೂರು ಕೆಜಿಯ ಗಾಡಿಯನ್ನು ಏದುಸಿರು ಬಿಡುತ್ತಾ ತಳ್ಳುತ್ತಾನೆ. ಅಪ್ಪ ಮಲಗಿರುತ್ತಾರೆ, ಬೆಳಗಿನ ಜಾವಕ್ಕೆ ಎದ್ದು ಮಗ್ಗಕ್ಕೆ ಕೂರಬೇಕು. ಕೇಂದ್ರದ ಕಾಯ್ದೆ, ರಾಜ್ಯದ ಪೊಲೀಸು, ಸುಪ್ರೀಂ ಕೋರ್ಟು ಯಾರ ಕೈಲೂ ಆಗದ್ದನ್ನು ಗೊರಕೆ ಹೊಡೆಯುತ್ತಲೇ ಆ ಮನುಷ್ಯ ಜಾರಿಗೆ ತಂದಿದ್ದಾರೆ.

ಅಂದಮೇಲೆ ಸೀನನಿಗೆ ನಿಯಮ ಗೊತ್ತಿಲ್ಲ ಎನ್ನುವುದು ಸುಳ್ಳು. ನಿದ್ದೆಗೆ ಬೆಲೆ ಇದೆ ಎಂಬುದೂ ಅವನಿಗೆ ಗೊತ್ತು. ಆ ಬೆಲೆ ಅವನ ಮನೆಯ ತಿರುವಿನಿಂದ ಈಚೆಗೆ ಮಾತ್ರ ಶುರುವಾಗುತ್ತದೆ, ಅಷ್ಟೆ.

ಕಂಪನಿ ಕೊಟ್ಟ ಸೈಲೆನ್ಸರನ್ನು ಅವನು ಎಸೆದಿಲ್ಲ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದಾನೆ. ಗಾಡಿ ಮಾರುವಾಗ ಕೊಳ್ಳುವವನು ಒರಿಜಿನಲ್ ಎಲ್ಲಿ ಎಂದು ಕೇಳುತ್ತಾನಲ್ಲ. ಇದನ್ನು ಓದುತ್ತಿರುವ ಅಪ್ಪಂದಿರೇ, ಒಮ್ಮೆ ನಿಮ್ಮ ಅಟ್ಟ ಹತ್ತಿ ನೋಡಿ. ಅಂಥ ಚೀಲ ಸಿಕ್ಕಿದರೆ ಇಳಿಸಿ ಮೆಕ್ಯಾನಿಕ್ ಹತ್ತಿರ ಕಳಿಸಿ. ಬಿಚ್ಚಿ ಹಾಕಲು ಅರ್ಧ ಗಂಟೆ ಸಾಕು, ಕೂಲಿ ದಂಡಕ್ಕಿಂತ ಬಹಳ ಕಡಿಮೆ. ಕಂತು ಕಟ್ಟುವವರು ನೀವೇ ಆದ್ದರಿಂದ ಕೇಳುವ ಹಕ್ಕೂ ನಿಮ್ಮದೇ.