ಅಂಬಾರಿ ಬಸ್ಸಿಗೆ ಉಗರಗೋಳದಿಂದ ಒಂದು ಬಹಿರಂಗ ಪತ್ರ

ಶ್ರೀಮತಿ ಅಂಬಾರಿ ಡಬಲ್ ಡೆಕ್ಕರ್ ಅವರ ಸನ್ನಿಧಿಗೆ,
ಮುಕ್ಕಾಂ: ಹೋಟೆಲ್ ಮಯೂರ ಹೊಯ್ಸಳದ ಆವಾರ, ಮೈಸೂರು.

ಸವದತ್ತಿ ತಾಲ್ಲೂಕು ಉಗರಗೋಳದ ಸಮಸ್ತ ಮಂದಿಯ ಶರಣು. ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರ ಪ್ರತಿ ದಸರೆಗೂ ಪೇಪರಿನಲ್ಲಿ ಫೋಟೊ ಸಮೇತ ಬರುವುದರಿಂದ ಬೇರೆ ಕೇಳುವ ಅಗತ್ಯ ಬಿದ್ದಿಲ್ಲ.

ಸಂಜೆಯಾದರೆ ತಾವು ಸಂಸಾರಗಳನ್ನು ಹತ್ತಿಸಿಕೊಂಡು ಮೈಸೂರಿನ ಲೈಟು ತೋರಿಸುತ್ತೀರಂತೆ. ಅರಮನೆಗೇ ಸುಮಾರು ಒಂದು ಲಕ್ಷ ಬಲ್ಬು. ಅದರ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆಗೆ ದೀಪಾಲಂಕಾರ. ದಸರೆಯಲ್ಲಿ ಕೆಳಗೆ ಕೂತರೆ 250, ಮೇಲೆ ಬಯಲಿಗೆ ಕೂತರೆ 500 ರೂಪಾಯಿ ಎಂಬ ದರವೂ ನಡೆದಿದೆ. ಅದೇ ರಸ್ತೆ, ಅದೇ ಬಲ್ಬು, ಏಣಿ ಹತ್ತಿದ್ದಕ್ಕೆ ದುಪ್ಪಟ್ಟು. ಇದಕ್ಕೆ ಉಗರಗೋಳದವರ ತಕರಾರಿಲ್ಲ. ಎತ್ತರಕ್ಕೆ ಹೋದಷ್ಟೂ ತೆಂಗಿನಕಾಯಿಯ ರೇಟು ಏರುತ್ತದೆಂಬುದು ಯಲ್ಲಮ್ಮನ ಗುಡ್ಡದ ಬುಡದಲ್ಲಿ ಬಾಳುವವರಿಗೆ ಯಾರೂ ಕಲಿಸಬೇಕಿಲ್ಲ. ಓಣಿಯ ಆಯಿಯೊಬ್ಬಳು ಮಾತ್ರ ಲೆಕ್ಕ ಕೇಳಿದ್ದಾಳೆ: “ನಮ್ಮ ಮನ್ಯಾಗಿನ ಲೈಟಿಗೆ ಸರ್ಕಾರದವ್ರು ಬಿಲ್ ಸೊನ್ನಿ ಮಾಡ್ಯಾರ. ಮಂದಿ ಊರಿನ ಲೈಟ್ ನೋಡಾಕ ಐನೂರು ಯಾಕ ಕೊಡಬೇಕೋ ತಮ್ಮಾ?” ಗೃಹಜ್ಯೋತಿಯ ಬೆಳಕಿನಲ್ಲೇ ಕೇಳಿದ ಪ್ರಶ್ನೆ, ಉತ್ತರ ದೊರೆತಿಲ್ಲ.

ತಮ್ಮನ್ನು ಹತ್ತಿ ದೀಪ ನೋಡಬೇಕೆಂಬ ಬೇಡಿಕೆ ಎದ್ದದ್ದು ಮಕ್ಕಳಿಂದ. ಡಿಸೆಂಬರ್ ಬಂತೆಂದರೆ ಪರದೇಶದ ಊರುಗಳಲ್ಲಿ ಮನೆಮಂದಿಯೆಲ್ಲ ಬಸ್ ಹತ್ತಿ ಕ್ರಿಸ್‌ಮಸ್ ದೀಪ ನೋಡುವುದನ್ನು ಅವರು ಮೊಬೈಲಿನಲ್ಲಿ ಕಂಡಿದ್ದಾರೆ. ಈ ಚಟ ಹತ್ತಿಸಿದವನು ಎಡಿಸನ್ನನ ಪಾಲುದಾರ ಎಡ್ವರ್ಡ್ ಜಾನ್ಸನ್. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಗಿಡಕ್ಕೆ 80 ವಿದ್ಯುತ್ ಬಲ್ಬು ಸುತ್ತಿ, ಗಿಡವೇ ತಿರುಗುವಂತೆ ಮಾಡಿದ. ನಮ್ಮ ಕಡೆ ಆ ಕಾಲಕ್ಕೆ ತಿರುಗಿದ್ದು ಬೇರೆ: ಕೆಲವೇ ವರ್ಷಗಳಲ್ಲಿ ಗೋಕಾಕ ಫಾಲ್ಸಿನ ಗಿರಣಿ ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯತೊಡಗಿತು. ತಮ್ಮ ಸೀಮೆಯಲ್ಲೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಕರೆಂಟಿಗೆ ಆಗ ಕೆಲಸವಿತ್ತು, ಶೋಕಿಗೆ ಪುರಸೊತ್ತಿರಲಿಲ್ಲ.

ದೀಪ ನೋಡಲು ಮೈಸೂರೇ ಯಾಕೆ, ಬೆಳಗಾವಿ ಇಲ್ಲವೇ ಎಂದು ತಾವು ಕೇಳಬಹುದು. ಇದೆ. 2024ರ ಡಿಸೆಂಬರಿನಲ್ಲಿ, ಸರಿಯಾಗಿ ಕ್ರಿಸ್‌ಮಸ್ ವಾರದಲ್ಲೇ, ಬೆಳಗಾವಿಗೆ ಮೈಸೂರು ದಸರೆಯ ಮಾದರಿಯ ದೀಪಾಲಂಕಾರವಾಯಿತು. ಜನ ಹೆಂಡಿರು ಮಕ್ಕಳೊಂದಿಗೆ ಬೀದಿಗಿಳಿದರು. ಸಂದರ್ಭ: 1924ರ ಡಿಸೆಂಬರ್ 26 ಮತ್ತು 27ರಂದು ಟಿಳಕವಾಡಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ನೂರನೇ ವರ್ಷ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನವದು. ಅಲ್ಲಿ ಬೆಳಗಾವಿಯ ಕಾಂಗ್ರೆಸ್ ಮುಖಂಡ ಗಂಗಾಧರರಾವ್ ದೇಶಪಾಂಡೆಯವರ ತಂಡ ಅವರಿಗಾಗಿ ಕಟ್ಟಿಸಿದ್ದ ಬಿದಿರಿನ ಗುಡಿಸಲಿಗೆ 350 ರೂಪಾಯಿ ಬಿದ್ದಿತ್ತು. ಇದೇನು ಖಾದಿ ಅರಮನೆಯೇ ಎಂದು ಮುದುಕ ಬೇಸರಪಟ್ಟುಕೊಂಡರು. ಗುಡಿಸಲಿಗೇ ಮುನಿಸಿಕೊಂಡವರ ನೆನಪಿಗೆ ಊರಗಲ ಜಗಮಗ! ಬಲ್ಬುಗಳ ಖರ್ಚಿನ ಪಟ್ಟಿಯನ್ನು ಆ ಗುಡಿಸಲಿನೊಳಕ್ಕೆ ಒಯ್ಯುವ ಧೈರ್ಯ ಯಾರಿಗಿತ್ತೋ.

ಅದು ಹೋಗಲಿ. ಉಗರಗೋಳದಿಂದ ಬೆಳಗಾವಿ ಎಂಬತ್ತು ಕಿಲೋಮೀಟರಿನ ಆಚೀಚೆ. ದೀಪ ಹತ್ತುವುದೇ ಕತ್ತಲಾದ ಮೇಲೆ. ಅವನ್ನು ನೋಡಿ ಬೈಲಹೊಂಗಲವನ್ನೋ ಯರಗಟ್ಟಿಯನ್ನೋ ಹಾಯ್ದು ಮರಳುವಷ್ಟರಲ್ಲಿ ಕೂಸುಗಳು ಮಲಗಿ, ದೊಡ್ಡವರು ಜಗಳ ಮುಗಿಸಿ, ಮುಂಜಾನೆಯ ಹಾಲು ಕರೆಯುವ ಹೊತ್ತು ಹತ್ತಿರವಾಗಿರುತ್ತದೆ. ಸಂಜೆಯ ಪ್ರವಾಸವೆಂಬುದು ನಗರದೊಳಗೇ ಮನೆ ಇದ್ದವರ ಆಟ.

ಆದಕಾರಣ ತಾವೇ ಇತ್ತ ಬರಬೇಕು. ಬಂದರೆ ಏನು ನೋಡಬಹುದೆಂಬುದನ್ನೂ ತಿಳಿಸುವುದು ಆತಿಥೇಯರ ಕರ್ತವ್ಯ.

ಮೊದಲನೆಯ ನೋಟ ಕಬ್ಬಿನ ಟ್ರ್ಯಾಕ್ಟರ್. ಡಿಸೆಂಬರ್ ಎಂದರೆ ಈ ಜಿಲ್ಲೆಯಲ್ಲಿ ಕಬ್ಬು ಅರೆಯುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಗಾಡಿಯ ಮುಖಕ್ಕೆ ಹಸಿರು, ಕೆಂಪು, ನೀಲಿ ಸೀರಿಯಲ್ ಲೈಟು, ಮೇಲೆ ಎದೆ ನಡುಗಿಸುವ ಡಾಲ್ಬಿ ಹಾಡು. ಯಾವ ಸಾಂತಾಕ್ಲಾಸನೂ ಇಷ್ಟು ವೈಭವದಿಂದ ಬಂದಿರಲಾರ. ಒಂದೇ ಕೊರತೆ: ಅಲಂಕಾರವೆಲ್ಲ ಮುಂದೆ. ಹಿಂದಿನ ಟ್ರೇಲರಿಗೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಮಾಲೀಕರಿಗೆ ನೆನಪಾಗುವುದಿಲ್ಲ. ಎದುರು ಬಂದವರಿಗೆ ಹಬ್ಬ, ಹಿಂದಿನಿಂದ ಬಂದವರಿಗೆ ಆಸ್ಪತ್ರೆ. ತಮ್ಮ ಡ್ರೈವರ್ ಸಾಹೇಬರು ದಯವಿಟ್ಟು ಎದುರಿನಿಂದಲೇ ಬರಲಿ.

ಎರಡನೆಯದು ಗುಡ್ಡ. ಇಲ್ಲೊಂದು ಪೇಚು. ನಗರಗಳು ಕ್ರಿಸ್‌ಮಸ್ಸಿಗೆ ಸಿಂಗಾರಗೊಳ್ಳುವ ತಿಂಗಳಲ್ಲೇ ಇಲ್ಲಿ ಹೊಸ್ತಿಲ ಹುಣ್ಣಿಮೆ. 2023ರಲ್ಲಂತೂ ಡಿಸೆಂಬರ್ 26ಕ್ಕೇ ಬಂದಿತ್ತು. ಅಂದು ಯಲ್ಲಮ್ಮನ ಕಂಕಣ, ಮಂಗಳಸೂತ್ರ ವಿಸರ್ಜನೆ. ಮಾಘದ ಭಾರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆ. ಅಂದರೆ ಮೈಸೂರಿನಲ್ಲಿ ಸಂತ ಫಿಲೋಮಿನಾ ಚರ್ಚಿನ ಗೋಪುರಗಳಿಗೆ ದೀಪ ಏರುವ ದಿನಗಳಲ್ಲಿ ನಮ್ಮ ದೇವಿಗೆ ಸಿಂಗಾರದ ಮನಸ್ಸಿರುವುದಿಲ್ಲ. ಆದರೂ ಜನ ಬರುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಲಕ್ಷಗಟ್ಟಲೆ ಬರುತ್ತಾರೆ: ಕೊಲ್ಹಾಪುರ ಕಡೆಯ ಎಸ್‌ಟಿ ಬಸ್ಸು, ಚಕ್ಕಡಿ, ಟ್ರ್ಯಾಕ್ಟರು, ಕಾಲ್ನಡಿಗೆ. ಜೋಗುಳಬಾವಿಯ ದಾರಿಯಲ್ಲಿ ಹೆಡ್‌ಲೈಟಿನ ಸಾಲು ಅಲುಗದೆ ನಿಂತುಬಿಟ್ಟರೆ ಗಂಟೆಗಟ್ಟಲೆ ಅದೇ ದೀಪಾಲಂಕಾರ. ಮೇಲಂತಸ್ತಿನಿಂದ ನೋಡಲು ತಮ್ಮಲ್ಲಿಗಿಂತ ಹೆಚ್ಚು ಸಮಯ ಸಿಗುತ್ತದೆಂದು ಖಾತ್ರಿ ಕೊಡಬಹುದು.

ಗುಡ್ಡಕ್ಕೆ ಈಗ ಪ್ರವಾಸೋದ್ಯಮ ಪ್ರಾಧಿಕಾರವಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿಗೆ ಒಪ್ಪಿಗೆಯನ್ನೂ ಕೊಟ್ಟಿದೆ. ಅದರಲ್ಲಿ ಬಲ್ಬಿಗೆಷ್ಟು, ಶೌಚಾಲಯಕ್ಕೆಷ್ಟು ಎಂದು ಊರವರು ಕಟ್ಟೆಯ ಮೇಲೆ ಕೂತು ಈಗಲೇ ಪಾಲು ಹಾಕುತ್ತಿದ್ದಾರೆ. ಬಹುಮತ ಸದ್ಯ ಶೌಚಾಲಯದ ಕಡೆಗಿದೆ. ಹುಡುಗರು ಬಲ್ಬಿನ ಕಡೆ. ತಾವು ಒಂದು ಸಲ ಬಂದುಹೋದರೆ ಮತಗಳು ಅದಲುಬದಲಾದಾವೆಂಬ ಅಂಜಿಕೆ ಹೆಂಗಸರಿಗಿದೆ.

ಇಂತು, ತಮ್ಮ ಹಾದಿ ಕಾಯುವ
ಉಗರಗೋಳ ಬಸ್ ಸ್ಟ್ಯಾಂಡಿನ ಮಂದಿ

ತಾ.ಕ.: ಮೇಲಂತಸ್ತಿಗೂ ಶಕ್ತಿ ಯೋಜನೆ ನಡೆಯುತ್ತದೆಯೇ ಎಂಬುದನ್ನು ಮರುಟಪಾಲಿಗೆ ತಿಳಿಸುವುದು. ಆಯಿ ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಿಟ್ಟಿದ್ದಾಳೆ.