ಮಂಗಳಗೌರಿಗೆ ಕುಜದೋಷ

ನನ್ನ ಕಥಾನಾಯಕಿ ಮಂಗಳಗೌರಿ ಹುಟ್ಟಿದ್ದು ಮಂಗಳ ಗ್ರಹದಲ್ಲಿ. ಅವಳ ಕಥೆಯ ಆರನೇ ಕಂತನ್ನು ಆ್ಯಪ್‌ಗೆ ಏರಿಸಿ ಊಟಕ್ಕೆ ಕೂತಿದ್ದೆ. ಎರಡನೇ ಸಲ ಸಾರು ಬಡಿಸಿಕೊಳ್ಳುವಷ್ಟರಲ್ಲಿ ಓದುಗರೊಬ್ಬರ ಪ್ರಶ್ನೆ ಬಂತು: "ಮೇಡಂ, ಹುಡುಗಿಗೆ ಕುಜದೋಷ ಇದೆಯಾ?"

ಪಿಯು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದವಳು ನಾನು. ಎಂತೆಂಥ ಪ್ರಶ್ನೆಗಳಿಗೆ ತಯಾರಾಗಿ ಕೂತಿದ್ದೆ! ಇಲ್ಲಿ 50 ಕೆಜಿ ತೂಗುವ ಹುಡುಗಿ ಅಲ್ಲಿ ತೂಕದ ಯಂತ್ರ ಹತ್ತಿದರೆ 19 ಕೆಜಿ. ಅಲ್ಲಿನ ದಿನ ನಮ್ಮದಕ್ಕಿಂತ 39 ನಿಮಿಷ ಉದ್ದ. ವರ್ಷಕ್ಕೆ ನಮ್ಮ ಲೆಕ್ಕದಲ್ಲಿ 687 ದಿನ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ. ಕುಜದೋಷ ಮಾತ್ರ ಸಿಲಬಸ್‌ನಲ್ಲಿರಲಿಲ್ಲ.

ಹಾಗೆಂದು ಮೇಷ್ಟರಾದವರು ಪ್ರಶ್ನೆ ಬಿಟ್ಟು ಓಡುವ ಹಾಗಿಲ್ಲ. ತಟ್ಟೆ ತೊಳೆಯುತ್ತಾ ಯೋಚಿಸಿದೆ. ಕುಜನ ಮೇಲೆಯೇ ನಿಂತವಳ ಜಾತಕದಲ್ಲಿ ಕುಜ ಯಾವ ಮನೆಯಲ್ಲಿರುತ್ತಾನೆ? ಅವನೇ ಮನೆ! ಅಲ್ಲಿನ ಆಕಾಶದಲ್ಲಿ ಅವನ ಜಾಗಕ್ಕೆ ಭೂಮಿ ಬಂದಿರುತ್ತದೆ, ನಮಗೆ ಶುಕ್ರ ಕಾಣುವ ಹಾಗೆ ಮುಂಜಾನೆಗೋ ಮುಸ್ಸಂಜೆಗೋ ಒಂದು ಚುಕ್ಕಿಯಾಗಿ. ಇನ್ನು ಜನ್ಮನಕ್ಷತ್ರ. ನಮ್ಮ ಚಂದ್ರ ಪಾಪ, ದಿನಕ್ಕೊಂದು ನಕ್ಷತ್ರದಂತೆ ನಿಧಾನವಾಗಿ ದಾಟುತ್ತಾನೆ. ಮಂಗಳಕ್ಕೆ ಚಂದ್ರರು ಇಬ್ಬರು. ಹತ್ತಿರದವನಾದ ಫೋಬೋಸ್ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಮುಗಿಸಿಬಿಡುತ್ತಾನೆ. ಆ ಅವಸರದಲ್ಲಿ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಆ ಹೊತ್ತನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 17 ನಿಮಿಷ. ಮೂಲಾ ನಕ್ಷತ್ರದಲ್ಲಿ ಹುಟ್ಟಿತಲ್ಲಾ ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುವುದರೊಳಗೆ ಪೂರ್ವಾಷಾಢ ಬಂದು, ಅದೂ ಮುಗಿದಿರುತ್ತದೆ.

ಇಷ್ಟನ್ನೂ ಬರೆದು, "ಆದ್ದರಿಂದ ನಮ್ಮ ಹುಡುಗಿಗೆ ಏನಾದರೂ ಇದ್ದರೆ ಅದು ಭೂದೋಷ. ಪರಿಹಾರ: ಭೂಮಿಯ ಹುಡುಗನನ್ನೇ ಕಟ್ಟಿಕೊಳ್ಳುವುದು" ಎಂದು ಮುಗಿಸಿದೆ. ಆ ಕಡೆಯಿಂದ ಸದ್ದಿಲ್ಲ. ಒಬ್ಬರು ಕೈಬಿಟ್ಟುಹೋದರು ಅಂದುಕೊಂಡೆ. ಆಗ ನನಗಿದ್ದ ಓದುಗರೇ ಮೂವತ್ತನಾಲ್ಕು ಜನ.

ಈ ಉಸಾಬರಿ ನನಗೆ ಅಂಟಿಕೊಂಡದ್ದು 2014ರ ಸೆಪ್ಟೆಂಬರ್ 24ರ ಬೆಳಗ್ಗೆ. ದೋಸೆ ಹೆಂಚಿನ ಮುಂದೆ ನಿಂತು, ಬಾಗಿಲಿನಾಚೆಯ ಟೀವಿಗೆ ಕತ್ತು ಚಾಚಿದ್ದೆ. ಮಂಗಳಯಾನ ನೌಕೆ ಕಕ್ಷೆ ಸೇರುವ ಹೊತ್ತು. ಅಲ್ಲಿಂದ ರೇಡಿಯೊ ಸಂಕೇತ ಇಲ್ಲಿಗೆ ಬರಲು ಸುಮಾರು 12 ನಿಮಿಷ. ಅಂದರೆ ಅಲ್ಲಿ ಆಗಬೇಕಾದ್ದು ಆಗಿಹೋಗಿದೆ. ಒಳ್ಳೆಯದೋ ಕೆಟ್ಟದ್ದೋ ಇಲ್ಲಿ ಯಾರಿಗೂ ಗೊತ್ತಿಲ್ಲ. ದೋಸೆ ಸೀದು ಕರಕಲಾಯಿತು. ಆಮೇಲೆ ರೇಷ್ಮೆಸೀರೆ ಉಟ್ಟು ಹೂ ಮುಡಿದ ಇಸ್ರೋದ ಹೆಂಗಸರು ನಗುನಗುತ್ತಾ ಅಪ್ಪಿಕೊಂಡ ಚಿತ್ರ ಊರೂರು ಸುತ್ತಿತು. ನನ್ನನ್ನು ಹಿಡಿದುಕೊಂಡದ್ದು ಮಾತ್ರ ಆ 12 ನಿಮಿಷ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ನೋಡಿದ್ದು ಅಮ್ಮನ ಕಪಾಟಿನಲ್ಲಿ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿ ಅಮ್ಮ ಕಾಪಾಡಿಕೊಂಡು ಬಂದ ಆಸ್ತಿ ಅದು. ಪುಟದ ಬೆನ್ನಿಗೆ ಅರ್ಧ ಕತ್ತರಿಸಿದ ತಲೆಗೂದಲೆಣ್ಣೆಯ ಜಾಹೀರಾತು. ಒಂದು ಕಾದಂಬರಿಗೆ ಹದಿನಾಲ್ಕನೇ ಕಂತೇ ಇಲ್ಲ. ಅದನ್ನು ಓದಲು ಒಯ್ದ ಪಕ್ಕದ ಮನೆಯವರಿಗೆ ವರ್ಗವಾಯಿತು. ಆ ಕಥೆಗಳಲ್ಲೆಲ್ಲ ಹುಡುಗ ದೂರದೇಶದಿಂದ ಕಾಗದ ಹಾಕಿರುತ್ತಾನೆ, ಪೋಸ್ಟ್‌ಮ್ಯಾನ್ ಇನ್ನೂ ಬಂದಿರುವುದಿಲ್ಲ. ಅದೇ 12 ನಿಮಿಷ, ಮೂರು ವಾರಕ್ಕೆ ಎಳೆದದ್ದು. ಮೇಲಿನ ಅರೆಯಲ್ಲಿ ಅಮ್ಮನ ತ್ರಿವೇಣಿ, ಎಂ.ಕೆ. ಇಂದಿರಾ, ಕೆಳಗಿನ ಅರೆಯಲ್ಲಿ ಅಪ್ಪನ ಪಾಲಿನ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಗಳು. ಎಷ್ಟೋ ವರ್ಷ ಒಂದೇ ಕಪಾಟಿನಲ್ಲಿದ್ದೂ ಮೇಲಿನವರಿಗೂ ಕೆಳಗಿನವರಿಗೂ ಮಾತುಕತೆಯಿಲ್ಲ. ನಿವೃತ್ತಿಯಾದ ಮೇಲೆ ಈ ಎರಡು ಮನೆಗಳಿಗೆ ಸಂಬಂಧ ಕುದುರಿಸೋಣವೆಂದು ಹೊರಟೆ. ಹುಡುಗಿ ಮಂಗಳದಲ್ಲಿ, ಹುಡುಗ ಶಶಿಧರ ಬೆಂಗಳೂರಿನಾಚೆ ಬ್ಯಾಲಾಳಿನಲ್ಲಿ, 32 ಮೀಟರ್ ಅಗಲದ ಬಾಣಲೆಯಂಥ ಆಂಟೆನಾದ ರಾತ್ರಿಪಾಳಿಯವನು.

ಇಂಥದ್ದನ್ನು ಮೊದಲು ಬರೆದವಳು ನಾನೇ ಎಂದು ಬೀಗುತ್ತಿದ್ದೆ. ಮಗಳು ಗಾಳಿ ತೆಗೆದಳು. ಅಮೆರಿಕದಲ್ಲಿ ಕ್ಯಾಥರೀನ್ ಅಸಾರೊ ಎಂಬಾಕೆ ರಾಸಾಯನಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿಯೇ ಬಾಹ್ಯಾಕಾಶದ ಪ್ರೇಮಕಥೆಗಳನ್ನು ಬರೆದು ನೆಬ್ಯುಲಾ ಪ್ರಶಸ್ತಿ ಪಡೆದಿದ್ದಾರಂತೆ. ರೂಬಿ ಡಿಕ್ಸನ್ ಎಂಬ ಹೆಸರಿನಲ್ಲಿ ಬರೆಯುವ ಇನ್ನೊಬ್ಬಾಕೆ 2015ರಲ್ಲಿ ತಾವೇ ಕಂತುಕಂತಾಗಿ ಪ್ರಕಟಿಸಿದ ಕಥೆಯ ನಾಯಕನಿಗೆ ನೀಲಿ ಮೈ, ಕೊಂಬು, ಬಾಲ. ಆರು ವರ್ಷ ಕಳೆದ ಮೇಲೆ ಟಿಕ್‌ಟಾಕ್‌ನ ಹುಡುಗಿಯರು ಅವನನ್ನು ಎತ್ತಿ ಮೆರೆಸಿ, ದೊಡ್ಡ ಪ್ರಕಾಶಕರೇ ಹುಡುಕಿಕೊಂಡು ಬಂದರಂತೆ. ಜಪಸರ ಹಿಡಿದು ಕೂತಿದ್ದ ಅಮ್ಮ, "ನೀಲಿ ಮೈಯಾದರೆ ಏನೀಗ? ನಮ್ಮ ಕೃಷ್ಣ ಇನ್ನೇನು ಗೋಧಿಬಣ್ಣದವನಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಮೊದಲಿನವಳಲ್ಲ, ಆ ಅಮೆರಿಕದವರೂ ಅಲ್ಲ ಕಣೆ. ರೇವತಿ ಕಥೆ ಮರೆತೆಯಾ?"

ಮರೆತಿದ್ದೆ. ಕಕುದ್ಮಿ ರಾಜ ಮಗಳು ರೇವತಿಗೆ ಗಂಡು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೇ ಹೋದ. ಅಲ್ಲಿ ಗಂಧರ್ವರ ಹಾಡು ನಡೆದಿತ್ತು, ಮುಗಿಯಲಿ ಎಂದು ಒಂದು ಗಳಿಗೆ ನಿಂತ. ಬ್ರಹ್ಮ ನಕ್ಕುಬಿಟ್ಟ: ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ಹುಡುಗರಾಗಲಿ, ಅವರ ಮೊಮ್ಮಕ್ಕಳಾಗಲಿ ಈಗ ಯಾರೂ ಇಲ್ಲ, ಕೆಳಗೆ 27 ಚತುರ್ಯುಗ ಕಳೆದಿದೆ. ಒಂದು ಚತುರ್ಯುಗಕ್ಕೆ 43,20,000 ವರ್ಷದಂತೆ ಗುಣಿಸಿದರೆ 11 ಕೋಟಿ 66 ಲಕ್ಷ ದಾಟುತ್ತದೆ. ಐನ್‌ಸ್ಟೈನರ ಕಾಲವಿಸ್ತರಣೆಯನ್ನು ಬೋರ್ಡಿನ ಮೇಲೆ ಬರೆಬರೆದು ಸೀಮೆಸುಣ್ಣ ಸವೆಸಿದವಳಿಗೆ ಈ ಉದಾಹರಣೆ ಒಮ್ಮೆಯೂ ಹೊಳೆದಿರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟರು. ಹಳೇ ಯುಗದ ಹುಡುಗಿ, ಅವನಿಗಿಂತ ಎಷ್ಟೋ ಎತ್ತರ. ಅವನು ನೇಗಿಲಿನ ತುದಿಯಿಂದ ಒತ್ತಿ ತನ್ನ ಅಳತೆಗೆ ತಂದುಕೊಂಡನಂತೆ. "ಈಗಲೂ ಅಷ್ಟೇ ತಾನೆ" ಎಂದು ಅಮ್ಮ ಮತ್ತೆ ಜಪಸರ ತಿರುವತೊಡಗಿದಳು.

ಬರೆಯುವುದು ಹೇಗೋ ಆಯಿತು, ಓದಿಸುವುದೇ ಕಷ್ಟ. ಆ್ಯಪ್‌ನಲ್ಲಿ ಕಥೆ ಏರಿಸುವ ಮುಂಚೆ ಅದರ ಜಾತಿ ಹೇಳಬೇಕು: ಪ್ರೇಮ, ಸಾಮಾಜಿಕ, ಪತ್ತೇದಾರಿ, ವಿಜ್ಞಾನ. ಒಂದನ್ನೇ ಒತ್ತಬೇಕು, ಅಂತರ್ಜಾತಿಗೆ ಅವಕಾಶವಿಲ್ಲ. 'ವಿಜ್ಞಾನ' ಒತ್ತಿದೆ. ಒಬ್ಬ ಹುಡುಗ ಬಂದು ದ್ವಿತೀಯ ಪಿಯುಸಿಯ ಹಳೇ ಪ್ರಶ್ನೆಪತ್ರಿಕೆ ಕೇಳಿ ಹೋದ. 'ಪ್ರೇಮ'ಕ್ಕೆ ಬದಲಾಯಿಸಿದೆ. ಅಲ್ಲಿನವರು ಶಶಿಧರನಿಗೆ ಸಕಲೇಶಪುರದಲ್ಲಿ ಕಾಫಿ ತೋಟ ಇದೆಯೇ ಎಂದು ವಿಚಾರಿಸಿದರು. ಇಲ್ಲ, ರಾತ್ರಿಪಾಳಿ ಇದೆ ಎಂದೆ. ಹೋದರು.

ಮೊದಲ ಕಂತಿನ ಪಾಡು ಇನ್ನೊಂದು. ಅದನ್ನು ಕಂಪ್ಯೂಟರಿನಲ್ಲಿದ್ದ ಯಾವುದೋ ಓಬೀರಾಯನ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಮೊಬೈಲಿಗೆ ಹೋಗುವಾಗ ತಲೆಗೆ ಟೋಪಿ, ಬುಡಕ್ಕೆ ಬಾಲ, ನಡುನಡುವೆ ಪೌಂಡಿನ ಚಿಹ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿಬಿಟ್ಟವು. ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿ ತಿದ್ದಲು ಹೋದರೆ, ಪುಣ್ಯಾತ್ಮರೊಬ್ಬರು ಆಗಲೇ ಐದು ನಕ್ಷತ್ರ ಕೊಟ್ಟು, "ಮಂಗಳದವರ ಭಾಷೆಯಲ್ಲೇ ಶುರು ಮಾಡಿದ್ದು ಹೊಸ ಪ್ರಯೋಗ. ಮುಂದೆ ಕನ್ನಡದಲ್ಲೂ ಬರಲಿ" ಎಂದು ಹರಸಿದ್ದರು.

ಬಂಧುಗಳ ವಾಟ್ಸಾಪ್ ಗುಂಪಿಗೂ ಹಾಕಿದೆ. ಒಂಬತ್ತು ಗಂಟೆಗೆ ಕಳಿಸಿದ ಎಂಟು ಪುಟಕ್ಕೆ ಒಂಬತ್ತು ಗಂಟೆ ಇಪ್ಪತ್ತು ಸೆಕೆಂಡಿಗೆ ಆರು 'ಸೂಪರ್', ನಾಲ್ಕು ಕೈಮುಗಿತ. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಎಂದು ಪಾಠ ಮಾಡಿದವಳು ನಾನು. ನಮ್ಮ ಚಿಕ್ಕಪ್ಪ ಓದುವುದನ್ನು ಆಗ ನೋಡಿರಲಿಲ್ಲ.

ಓದುಗರು ನಿಜವಾಗಿ ಬಂದದ್ದು ಒಂಬತ್ತನೇ ಕಂತಿಗೆ. ಆ ಹೊತ್ತಿಗೆ ಮಂಗಳ ದೂರ ಸರಿದು, ಮಾತು ಮುಟ್ಟಲು 20 ನಿಮಿಷ ಬೇಕಾಗುತ್ತಿತ್ತು. ನಮ್ಮವರು ಪೇಪರ್ ಹಿಡಿದು ಕೂತಾಗ "ಕಾಫಿ ಬೇಕಾ?" ಅಂದದ್ದಕ್ಕೆ "ಹ್ಞಾಂ?" ಬರುವಷ್ಟು ಹೊತ್ತು. ಶಶಿಧರ ಅವಳ ಹುಟ್ಟಿದಹಬ್ಬ ಮರೆತಿದ್ದಾನೆ. ರಾತ್ರಿ 9ಕ್ಕೆ ಅವಳು, "ಮರೆತೆಯಲ್ಲಾ" ಎಂದು ಕಳಿಸುತ್ತಾಳೆ. ಹತ್ತು ನಿಮಿಷ ಕಾದು, ಸಿಟ್ಟು ತಡೆಯದೆ, "ಇನ್ನು ಮಾತಾಡಿಸಬೇಡ" ಎಂದು ಇನ್ನೊಂದು. ಮೊದಲನೆಯದು 9:20ಕ್ಕೆ ಮುಟ್ಟುತ್ತದೆ. ಅವನು ಹೌಹಾರಿ, "ತಪ್ಪಾಯ್ತು" ಅನ್ನುತ್ತಾನೆ. 9:30ಕ್ಕೆ ಎರಡನೆಯದು ಬರುತ್ತದೆ. ತಪ್ಪಾಯ್ತು ಅಂದಮೇಲೂ ಇಷ್ಟು ಬಿಗುಮಾನವೇ ಎಂದು ನೊಂದು, "ಸರಿ, ಮಾತಾಡಿಸಲ್ಲ" ಅನ್ನುತ್ತಾನೆ. 9:40ಕ್ಕೆ ಅವಳಿಗೆ "ತಪ್ಪಾಯ್ತು" ಸಿಗುತ್ತದೆ. ಕರಗಿ ನೀರಾಗಿ, "ಹೋಗಲಿ ಬಿಡು" ಎಂದು ಬರೆದು ಕಳಿಸಿ ನಗುತ್ತಾ ಕೂತಿರುವಾಗ, 9:50ಕ್ಕೆ, "ಸರಿ, ಮಾತಾಡಿಸಲ್ಲ." ಅವಳ "ಹೋಗಲಿ ಬಿಡು" ಹೊರಟಾಗಿದೆ, ವಾಪಸು ಕರೆಯುವ ಹಾಗಿಲ್ಲ. ಅದು ಅವನನ್ನು ಮುಟ್ಟುವ ಮೊದಲೇ ಸೂರ್ಯ ಅಡ್ಡ ಬಂದ.

ಇದು ನನ್ನ ಕಟ್ಟುಕಥೆಯಲ್ಲ. 26 ತಿಂಗಳಿಗೊಮ್ಮೆ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಬಂದು ನಿಲ್ಲುತ್ತಾನೆ; ಅವನ ಸುತ್ತಲಿನ ಬಿಸಿ ಅನಿಲ ಸಂಕೇತಗಳನ್ನು ಕಲಕಿಬಿಡುವುದರಿಂದ, ನಾಸಾದವರು ಕೂಡ ಎರಡು ವಾರದ ಮಟ್ಟಿಗೆ ಅಲ್ಲಿನ ಯಂತ್ರಗಳಿಗೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತಾರೆ. ಮದುಮಗಳನ್ನು ತವರಿಗೆ ಕಳಿಸಿ ಕದ ಹಾಕಿಕೊಂಡ ಹಾಗೆ. ಹತ್ತನೇ ಕಂತಿಗೆ ಬೇರೆ ಹೆಸರು ಹುಡುಕಲಿಲ್ಲ, 'ಆಷಾಢ' ಎಂದಿಟ್ಟೆ.

ವಾರದೊಳಗೆ ಓದುಗರು ನಾನೂರು ದಾಟಿದರು. ಬಂದವರಿಗೆ ರಾಕೆಟ್ ಬೇಕಿರಲಿಲ್ಲ. ಹಡಗಿನ ಇಂಜಿನಿಯರನ ಹೆಂಡತಿಯೊಬ್ಬರು, "ನಾನು ಹನ್ನೊಂದು ವರ್ಷದಿಂದ ನಿಮ್ಮ ಆಷಾಢದಲ್ಲಿದ್ದೇನೆ. ಬಂದರು ಹತ್ತಿರ ಬಂದರೆ ಮಾತ್ರ ನಮಗೆ ಜಗಳ" ಎಂದು ಬರೆದರು. ಮಸ್ಕತ್ತಿನಲ್ಲಿ ಅಡುಗೆ ಕೆಲಸಕ್ಕಿರುವ ಒಬ್ಬರು ಪ್ರತಿ ಕಂತನ್ನೂ ಫೋನಿನಲ್ಲಿ ಹೆಂಡತಿಗೆ ಗಟ್ಟಿಯಾಗಿ ಓದಿಹೇಳುತ್ತಾರಂತೆ. ಆ 'ಸೂಪರ್' ಚಿಕ್ಕಪ್ಪನೂ ಒಂದು ರಾತ್ರಿ ಫೋನ್ ಮಾಡಿ, ದನಿ ತಗ್ಗಿಸಿ, "ಅವನಿಗೆ 'ಹೋಗಲಿ ಬಿಡು' ಮುಟ್ಟಿತೇನಮ್ಮಾ?" ಎಂದು ಕೇಳಿದರು.

ಇಷ್ಟು ಜನ ಬಂದಮೇಲೆ ನನಗೆ ಸಾಹಿತಿಯ ಭೂತ ಹೊಕ್ಕಿತು. ದೊಡ್ಡ ಕಾದಂಬರಿಯೆಂದರೆ ಯಾರಾದರೂ ಸಾಯಬೇಕಲ್ಲ? ರಾಕೆಟ್ಟಿಗೆ 26 ತಿಂಗಳಿಗೊಂದೇ ಮುಹೂರ್ತ. ಅದನ್ನು ಹಿಡಿದು ಶಶಿಧರ ಮಂಗಳ ಮುಟ್ಟುತ್ತಾನೆ, ಬಾಗಿಲು ನೂರು ಹೆಜ್ಜೆಯಿರುವಾಗ ಧೂಳಿನ ಬಿರುಗಾಳಿ ಅವನನ್ನು ಎತ್ತಿ ಒಗೆಯುತ್ತದೆ. ಆಂಡಿ ವೀರ್ ಎಂಬ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಮಂಗಳದಲ್ಲಿ ಒಬ್ಬಂಟಿಯಾಗಿ ಸಿಕ್ಕಿಬಿದ್ದವನ ಕಥೆಯನ್ನು ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಕಂತುಗಳಲ್ಲಿ ಬರೆದು, 2011ರಲ್ಲಿ ಓದುಗರ ಒತ್ತಾಯಕ್ಕೆ 99 ಸೆಂಟಿಗೆ ಮಾರಿ, ಸಿನಿಮಾದವರೆಗೂ ಹೋದದ್ದು ಇಂಥ ಬಿರುಗಾಳಿಯಿಂದಲೇ. ಆ ಕಥೆಯಲ್ಲಿ ಅವನು ಆಲೂಗಡ್ಡೆ ಬೆಳೆದು ಬದುಕುತ್ತಾನೆ. ಹಾಸನದವಳಾದ ನನಗೆ ಆಲೂಗಡ್ಡೆಯ ಬಗ್ಗೆ ಯಾರಿಂದಲೂ ಕಲಿಯಬೇಕಾದ್ದಿಲ್ಲ, ಬಿರುಗಾಳಿಯನ್ನು ಮಾತ್ರ ಎರವಲು ತಂದೆ. ಇಪ್ಪತ್ತನೇ ಕಂತಿನಲ್ಲಿ ಹುಡುಗನನ್ನು ಮುಗಿಸಿ, ಗುರುವಾರ ರಾತ್ರಿ ಏರಿಸುವುದೆಂದು ಇಟ್ಟುಕೊಂಡೆ.

ಬುಧವಾರ ಒಂದು ಸಂದೇಶ ಬಂತು. ಮೊದಲು ಯಾರೆಂದು ತಿಳಿಯಲಿಲ್ಲ.

"ಮೇಡಂ, ನಾಲ್ಕು ತಿಂಗಳು ತಡವಾಗಿ ಬರೀತಿದೀನಿ. ಕುಜದೋಷ ಇರೋದು ನನ್ನ ಮಗಳಿಗೆ. ಮೂರು ಕಡೆ ತಪ್ಪಿಹೋಯ್ತು. ನಿಮ್ಮ ಭೂದೋಷದ ಉತ್ತರ ಅವಳಿಗೆ ಓದಿ ಹೇಳಿದೆ. ತುಂಬಾ ದಿನ ಆಗಿತ್ತು ಅವಳು ನಕ್ಕು. ಈಗ ಇಬ್ಬರೂ ಒಟ್ಟಿಗೆ ಓದ್ತೀವಿ. ಹುಡುಗನಿಗೆ ಏನೂ ಆಗಲ್ಲ ಅಲ್ವಾ?"

ಕುಜದೋಷದ ಹುಡುಗಿಯ ಕೈಹಿಡಿದವನು ಉಳಿಯುವುದಿಲ್ಲ ಎಂದೇ ಅಲ್ಲವೇ ಜನ ಹೆದರುವುದು. ನಾನು ಹಾಗೆಯೇ ಬರೆದಿಟ್ಟಿದ್ದೆ.

ನೋಟ್‌ಬುಕ್ ತೆಗೆದೆ. ಮಂಗಳದ ವಾತಾವರಣದ ಸಾಂದ್ರತೆ ನಮ್ಮದರಲ್ಲಿ ನೂರನೇ ಒಂದು ಪಾಲಿನ ಆಸುಪಾಸು. ಅಲ್ಲಿನ ಬಿರುಗಾಳಿ ಎಷ್ಟೇ ಬೊಬ್ಬಿರಿದರೂ ಮನುಷ್ಯನನ್ನು ಎತ್ತಿ ಒಗೆಯಲಾರದು. ಮೈಗೆ ತಾಕುವುದು ತಂಗಾಳಿಯಷ್ಟೇ. ತನ್ನ ಬಿರುಗಾಳಿ ಕಥೆಯ ಅನುಕೂಲಕ್ಕೆ ಮಾಡಿಕೊಂಡದ್ದೆಂದು ವೀರ್ ಮಹಾಶಯರೇ ಒಪ್ಪಿಕೊಂಡಿದ್ದಾರೆ. ನನಗೂ ಗೊತ್ತಿತ್ತು. ಸಾಹಿತ್ಯದ ಆಸೆಗೆ ಸಿಲಬಸ್ಸನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ, ಅಷ್ಟೆ.

ರಾತ್ರಿ ಕೂತು ತಿದ್ದಿದೆ. ಗಾಳಿ ಎದ್ದಿತು, ಆಕಾಶವೆಲ್ಲ ಕೆಂಪಾಯಿತು. ಶಶಿಧರ ಹೆಲ್ಮೆಟ್ಟಿನ ಧೂಳು ಒರೆಸಿಕೊಳ್ಳುತ್ತಾ ನೂರು ಹೆಜ್ಜೆ ನಡೆದು ಒಳಗೆ ಬಂದ. ಮಂಗಳಗೌರಿ ಆಲೂಗಡ್ಡೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಅವನು ಏನೋ ಹೇಳಿದ. ಈ ಸಲ ಅದು ಅವಳಿಗೆ ತಕ್ಷಣ ಕೇಳಿಸಿತು.