ಕುರ್ಚಿ ಎಷ್ಟು ಬೇಕು?

ಸಿಲಿಕಾನ್ ಕಣಿವೆಯ ಕನ್ನಡಿಗರು ಮೊದಲ ಸಲ ಭೇಟಿಯಾದಾಗ ಕೇಳುವ ಪ್ರಶ್ನೆಗಳಿಗೊಂದು ಕ್ರಮವಿದೆ. ನಿಮ್ಮದು ಯಾವೂರು, ಇಲ್ಲಿ ಮನೆ ಯಾವ ಕಡೆ, ಯಾವ ಕಂಪನಿ. ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬ ಮಹಿಳೆ ಮೂರನೆಯ ಪ್ರಶ್ನೆಗೆ "ಲೈಬ್ರರಿಯಲ್ಲಿದ್ದೀನಿ" ಎಂದರು. ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿ ಉದುರಿಸಿಕೊಳ್ಳುತ್ತಿದ್ದ ಹುಡುಗ ಕಣ್ಣರಳಿಸಿ "ಪೈಥಾನ್ ಲೈಬ್ರರಿನಾ ಅಕ್ಕಾ?" ಎಂದ. ಅಲ್ಲಪ್ಪ, ಪುಸ್ತಕ ಇರೋ ಲೈಬ್ರರಿ ಎಂದಾಗ ಅವನ ಮುಖದಲ್ಲಿ ಮೂಡಿದ್ದು, ಕೆಲಸ ಕಳೆದುಕೊಂಡವರನ್ನು ಕಂಡಾಗ ಮೂಡುವ ಮರುಕ. ಪಕ್ಕದಲ್ಲಿದ್ದ ಹಿರಿಯರು ಸಮಾಧಾನ ಹೇಳಿದರು: "ಒಳ್ಳೇ ಕೆಲಸ ಬಿಡಮ್ಮ. ಜನ ಇಲ್ಲ, ಗಲಾಟೆ ಇಲ್ಲ. ಬೇಜಾರಾಗತ್ತೆ ಅಷ್ಟೆ. ಕೂಟಕ್ಕೆ ಬರ್ತಾ ಇರು, ನಾಲ್ಕು ಜನದ ಮುಖ ನೋಡಿದ ಹಾಗಾಗತ್ತೆ."

ನಾಲ್ಕು ಜನ! ಆಕೆ ಅಂದು ಬೆಳಗಿನಿಂದ ನೋಡಿದ ಮುಖಗಳನ್ನು ಸಾಲಾಗಿ ಕೂರಿಸಿದ್ದರೆ ಕೂಟದ ಊಟದ ಪಂಕ್ತಿ ಎರಡು ಸಲ ಏಳಬೇಕಾಗುತ್ತಿತ್ತು.

ಹಿರಿಯರ ತಪ್ಪೂ ಅಲ್ಲ. ಅವರ ತಲೆಯಲ್ಲಿರುವುದು ಊರಿನ ಗ್ರಂಥಾಲಯ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಇರುವವರು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಾರೆ. ಕಟ್ಟಿದ್ದೇನೆಂದು ಅನೇಕರಿಗೆ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ಹಲವರ ನೆನಪಿನ ಲೈಬ್ರರಿಯೆಂದರೆ ಬೀಗ ಹಾಕಿದ ಗಾಜಿನ ಬೀರು, 'ಮೌನವಾಗಿರಿ' ಎಂಬ ಫಲಕ ಮತ್ತು ಒಂದೇ ಪತ್ರಿಕೆಯ ಹಾಳೆಗಳನ್ನು ಪಾಲು ಮಾಡಿಕೊಂಡು ಓದುವ ನಿವೃತ್ತರು.

ಆಕೆ ಕೆಲಸ ಮಾಡುವ ಕಡೆ ಮೌನವೊಂದು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಈಗ ತರಕಾರಿ ಬೀಜ ಹಂಚುತ್ತವೆ, ಹೊಲಿಗೆ ಯಂತ್ರ ಕಡ ಕೊಡುತ್ತವೆ, ಕೆಲವೆಡೆ ಪಾಸ್‌ಪೋರ್ಟ್ ಅರ್ಜಿಯನ್ನೂ ಸ್ವೀಕರಿಸುತ್ತವೆ. ಏಪ್ರಿಲ್ 15 ಹತ್ತಿರವಾದರೆ ತೆರಿಗೆ ನಮೂನೆ ಹಿಡಿದವರ ಸಾಲು. ಸ್ಯಾನ್ ಹೋಸೆಯ ದೊಡ್ಡ ಗ್ರಂಥಾಲಯವನ್ನು 2003ರಲ್ಲಿ ನಗರಾಡಳಿತ ಮತ್ತು ವಿಶ್ವವಿದ್ಯಾಲಯ ಸೇರಿಯೇ ಕಟ್ಟಿದವು. ಹೀಗಾಗಿ ಅಲ್ಲಿ ಪರೀಕ್ಷೆಯ ಭಯದಲ್ಲಿರುವ ವಿದ್ಯಾರ್ಥಿಯೂ ಜೊಲ್ಲು ಸುರಿಸುವ ಕೂಸೂ ಒಂದೇ ಲಿಫ್ಟಿನಲ್ಲಿ ಏರುತ್ತಾರೆ. ಇನ್ನು ಮಕ್ಕಳ ಕತೆಯ ಗಂಟೆ. ಒಮ್ಮೆ ಆಕೆ ಪುಣ್ಯಕೋಟಿಯ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ಹುಲಿ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಿತು ಎಂದಾಗ ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು. ಸಾಯೋದು ಯಾಕೆ, ಹುಲಿ ವೀಗನ್ ಆಗಬಹುದಿತ್ತಲ್ಲ? ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಪರಿಹಾರವಿಲ್ಲದ ದುಃಖಗಳ ಪರಿಚಯ ಕಡಿಮೆ.

ಲೈಬ್ರರಿಯೆಂದರೆ ಒಂಟಿತನ ಎಂಬ ಭಯಕ್ಕೆ ದೊಡ್ಡ ಪರಂಪರೆಯೇ ಇದೆ. ಎಸ್.ಆರ್. ರಂಗನಾಥನ್ ಅವರು 1924ರಲ್ಲಿ ಗಣಿತದ ಮೇಷ್ಟರ ಕೆಲಸ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಏಕಾಂತ ತಡೆಯಲಾರದೆ, ನನ್ನನ್ನು ವಾಪಸ್ ಕಳಿಸಿ ಎಂದು ದುಂಬಾಲು ಬಿದ್ದರಂತೆ. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಬೇಡವೆನಿಸಿದರೆ ಗಣಿತವೇ ಇರಲಿ ಎಂದು ಒಪ್ಪಂದವಾಯಿತು. ಅಲ್ಲಿ ಅವರು ಕಂಡದ್ದು ಜನ ತುಂಬಿದ ಲೈಬ್ರರಿಗಳನ್ನು. ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆಯ ತುಂಡುಗಳನ್ನು ಜೋಡಿಸುವುದನ್ನು ನೋಡಿಯೇ ಪುಸ್ತಕಗಳ ವರ್ಗೀಕರಣಕ್ಕೆ ಹೊಸ ದಾರಿ ಹೊಳೆಯಿತು. ಆಮೇಲೆ ಗಣಿತದ ಕಡೆ ತಿರುಗಲಿಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, ಕೊನೆಯವರೆಗೂ ಆ ಊರಿನಲ್ಲೇ ಇದ್ದರು. ಸ್ವಂತ ಊರಿನಲ್ಲಿ ಬೇಜಾರು, ಪರದೇಶದಲ್ಲಿ ಜಾತ್ರೆ: ನಮ್ಮ ಕತೆಯ ಲೈಬ್ರರಿಯವರದೂ ಅದೇ ಜಾತಕ.

ಆಕೆಯ ನಿಜವಾದ ಬಳಗ ಸೇರುವುದು ಬೇಸಿಗೆಯಲ್ಲಿ. ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬರುವ ತಂದೆತಾಯಿಯರಿಗೆ ಕಾರು ಓಡಿಸಲು ಬಾರದು, ಹಗಲು ಹೊತ್ತು ಮನೆಯಲ್ಲಿ ಮಾತಾಡುವವರಿಲ್ಲ. ನಡೆದು ಹೋಗುವಷ್ಟು ದೂರದಲ್ಲಿರುವುದು ಪಾರ್ಕು ಮತ್ತು ಲೈಬ್ರರಿ. ಪಾರ್ಕಿನಲ್ಲಿ ಎಸಿ ಇಲ್ಲ. ಬಾಗಿಲು ತೆರೆಯುವ ಮೊದಲೇ ಸ್ವೆಟರು, ಮಫ್ಲರು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತಿರುತ್ತಾರೆ. ಜುಲೈ ತಿಂಗಳಲ್ಲಿ ಮಫ್ಲರ್ ಏಕೆಂದು ಕೇಳಬಾರದು. ಕನ್ನಡ ಮಾತಾಡುವ ಹುಡುಗಿಯೊಬ್ಬಳು ಕೌಂಟರಿನಲ್ಲಿದ್ದಾಳೆಂಬ ಸುದ್ದಿ ಇವರ ನಡುವೆ ಹಬ್ಬುವ ವೇಗಕ್ಕೆ ಅಲ್ಲಿನ ಯಾವ ಕಂಪನಿಯ ನೆಟ್‌ವರ್ಕೂ ಸಾಟಿಯಲ್ಲ.

ಒಬ್ಬ ನಿವೃತ್ತ ಹೆಡ್‌ಮಾಸ್ತರರು ದಿನವೂ ಬಂದು ಕಂಪ್ಯೂಟರಿನಲ್ಲಿ ಪ್ರಜಾವಾಣಿ ತೆರೆದುಕೊಂಡು ಕೂರುತ್ತಿದ್ದರು. ಇಡೀ ಕಟ್ಟಡದಲ್ಲಿ 'ಶ್' ಎನ್ನುತ್ತಿದ್ದವರು ಅವರೊಬ್ಬರೇ. "ಏನಮ್ಮಾ, ಸಂತೆ ಮಾಡಿಬಿಟ್ಟಿದೀರಲ್ಲ!" ಎಂದು ಮಕ್ಕಳ ವಿಭಾಗದ ಕಡೆ ಕಣ್ಣು ಬಿಡುವರು. ಇನ್ನೊಬ್ಬರು ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರು. ಸುಮ್ಮನೆ ಕೂರುವ ಜೀವವಲ್ಲ. ಒಂದು ಮಧ್ಯಾಹ್ನ ಅಡುಗೆ ಪುಸ್ತಕಗಳ ಇಡೀ ಕಪಾಟನ್ನು ಎತ್ತರದ ಪ್ರಕಾರ ಜೋಡಿಸಿಟ್ಟು, ಮೆಚ್ಚುಗೆಗಾಗಿ ಆಕೆಯನ್ನು ಕರೆದರು. ನೋಡಲು ಬಲು ಸೊಗಸಾಗಿತ್ತು. ಒಂದು ಪುಸ್ತಕವೂ ತನ್ನ ಸಂಖ್ಯೆಯ ಜಾಗದಲ್ಲಿರಲಿಲ್ಲ. "ತುಂಬಾ ಉಪಕಾರ ಆಯ್ತು ಅಂಕಲ್" ಎಂದ ಆಕೆ, ಅವರು ಮನೆಗೆ ಹೊರಡುವುದನ್ನೇ ಕಾದಿದ್ದು ಸಂಜೆಯವರೆಗೆ ಆ ಉಪಕಾರವನ್ನು ಬಿಡಿಸಿದರು. ಅವರ ಶ್ರೀಮತಿ ಇಂಗ್ಲಿಷ್ ಮಾತುಗಾರಿಕೆಯ ಗುಂಪಿಗೆ ಸೇರಿ, ಚೀನಾದ ಅಜ್ಜಿಯೊಬ್ಬರ ಗೆಳೆತನ ಸಂಪಾದಿಸಿದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಸೊಸೆಯಂದಿರ ವಿಷಯದಲ್ಲಿ ಪೂರ್ತಿ ಒಮ್ಮತಕ್ಕೆ ಬಂದಿದ್ದರು.

ಇಂಥ ದಿನ ಮುಗಿಸಿ ಶನಿವಾರ ಕೂಟಕ್ಕೆ ಹೋದರೆ ಅಲ್ಲೂ ಅದೇ ಕೆಲಸ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಳೆಯದು. 2014ರಲ್ಲಿ ಸ್ಯಾನ್ ಹೋಸೆಯಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ಸಮ್ಮೇಳನವೂ ನಡೆಯಿತು. ಆ ಸೀಮೆಯಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಹಾಡುವವರ, ಕುಣಿಯುವವರ, ಮೊಸರನ್ನ ತರುವವರ ಕೊರತೆಯಿಲ್ಲ. ಕೊರತೆಯಿರುವುದು ಜಾಗಕ್ಕೆ. ಯುಗಾದಿ ಯಾವಾಗ ಎಂಬುದನ್ನು ಪಂಚಾಂಗಕ್ಕಿಂತ ಶಾಲೆಯ ಸಭಾಂಗಣ ಖಾಲಿಯಿರುವ ಶನಿವಾರ ನಿರ್ಧರಿಸುತ್ತದೆ. ಹೀಗಿರುವಾಗ ಪುಕ್ಕಟೆ ಸಭಾಕೋಣೆ ಕೊಡುವ ಸಂಸ್ಥೆಯ ನೌಕರಳು ಬಿಸಿಬೇಳೆಬಾತಿನ ಸಾಲಿನಲ್ಲಿ ಸಿಕ್ಕರೆ ಬಿಡುವವರು ಯಾರು? ಆಕೆ ನಿಯಮಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ: ಟಿಕೆಟ್ ಇಡುವಂತಿಲ್ಲ, ಯಾರು ಬಂದರೂ ಒಳಗೆ ಬಿಡಬೇಕು, ಬೆಂಕಿ ಹಚ್ಚುವಂತಿಲ್ಲ. ಹಾಗಾದರೆ ದೀಪ ಬೆಳಗುವುದು ಹೇಗೆ? ಬ್ಯಾಟರಿ ದೀಪ ತನ್ನಿ. ಉದ್ಘಾಟಕರು ಮೇಣದ ಬತ್ತಿ ಹಿಡಿದ ಭಂಗಿಯಲ್ಲೇ ಸ್ವಿಚ್ ಒತ್ತುತ್ತಾರೆ. ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಸಮಯದ ವಿಷಯದಲ್ಲಿ ಮಾತ್ರ ಎರಡು ಸಂಸ್ಥೆಗಳಿಗೂ ತಾಳೆಯಾಗದು. ಹಾಗೆಂದು ಅಮೆರಿಕನ್ನರೆಲ್ಲ ಗಡಿಯಾರದ ಭಕ್ತರೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಗ್ರಂಥಾಲಯ 2017ರಲ್ಲಿ ಬಾಕಿದಾರರಿಗೆ ದಂಡ ಮನ್ನಾ ಮಾಡಿದಾಗ ಒಬ್ಬರು ತಮ್ಮ ಮುತ್ತಜ್ಜಿ ತಂದಿದ್ದ ಪುಸ್ತಕವನ್ನು ನೂರು ವರ್ಷ ತಡವಾಗಿ ಹಿಂದಿರುಗಿಸಿದರು. ಪುಸ್ತಕದ ಹೆಸರು 'ಫಾರ್ಟಿ ಮಿನಿಟ್ಸ್ ಲೇಟ್'. ಕೂಟದ ಆಹ್ವಾನಪತ್ರಿಕೆಯ ಮೇಲೂ ಅದನ್ನೇ ಅಚ್ಚು ಹಾಕಿಸಬಹುದು ಎಂಬುದು ಆಕೆಯ ಅಭಿಪ್ರಾಯ.

ಕಳೆದ ರಾಜ್ಯೋತ್ಸವದಲ್ಲಿ ಮುಖ್ಯ ಅತಿಥಿಗಳು ಹಲ್ಮಿಡಿ ಶಾಸನದಿಂದ ಹೊರಟು, ಕದಂಬರು, ಚಾಲುಕ್ಯರನ್ನು ದಾಟಿ ರಾಷ್ಟ್ರಕೂಟರ ಹತ್ತಿರ ಬರುವ ಹೊತ್ತಿಗೆ ಬಾಡಿಗೆ ಹಾಲಿನ ಅವಧಿ ಮುಗಿಯುತ್ತ ಬಂದಿತ್ತು. ಹೊಯ್ಸಳರು, ವಿಜಯನಗರ, ಒಡೆಯರು, ಏಕೀಕರಣ ಎಲ್ಲವೂ ಬಾಕಿ. ಅವಧಿ ಮೀರಿದರೆ ಹೆಚ್ಚುವರಿ ಬಾಡಿಗೆ. ಕಾರ್ಯದರ್ಶಿ ಚೀಟಿ ಕಳಿಸಿದರು, ಅತಿಥಿಗಳು ಅದನ್ನು ನೀರಿನ ಲೋಟದ ಅಡಿ ಇಟ್ಟುಕೊಂಡರು. ಆಕೆ ಎದ್ದು ಗೋಡೆಯ ಬಳಿ ಹೋಗಿ ದೀಪಗಳನ್ನು ಎರಡು ಸಲ ಆರಿಸಿ ಹೊತ್ತಿಸಿದರು. ದಿನವೂ ಹೇಳಿ ಹೇಳಿ ಪಳಗಿದ ದನಿಯಲ್ಲಿ, "ಇನ್ನು ಹದಿನೈದು ನಿಮಿಷಕ್ಕೆ ಬಾಗಿಲು ಹಾಕುತ್ತೇವೆ. ಪುಸ್ತಕ ಪಡೆಯುವವರು ದಯವಿಟ್ಟು ಕೌಂಟರಿಗೆ ಬನ್ನಿ" ಎಂದರು. ಇಡೀ ಸಭೆ ಎದ್ದು ನಿಂತಿತು. ಅತಿಥಿಗಳು ರಾಷ್ಟ್ರಕೂಟರಿಂದ ನೇರವಾಗಿ 1973ರಲ್ಲಿ ರಾಜ್ಯಕ್ಕಾದ 'ಕರ್ನಾಟಕ' ಎಂಬ ನಾಮಕರಣಕ್ಕೆ ಜಿಗಿದು ವಂದನೆ ಹೇಳಿದರು. ಜನ ಚದುರಿದ ಮೇಲೆ ಕುರ್ಚಿ ಮಡಿಸಲು ಉಳಿದದ್ದು ಕಾರ್ಯದರ್ಶಿ, ಅವರ ಹೆಂಡತಿ ಮತ್ತು ಆಕೆ.

ಸೋಮವಾರ ಬೆಳಿಗ್ಗೆ ಮುಖ್ಯ ಅತಿಥಿಗಳು ಲೈಬ್ರರಿಗೇ ಬಂದರು. ಕೋಪವೇನೂ ಇರಲಿಲ್ಲ. ಹೊಯ್ಸಳರಿಂದ ಮುಂದಕ್ಕೆ ಮಾತಾಡಲು ಸಭಾಕೋಣೆ ಸಿಗಬಹುದೇ ಎಂದು ವಿಚಾರಿಸಿ, ಅಲ್ಲೇ ಕೂತು ಅರ್ಜಿ ತುಂಬಿದರು. ಕುರ್ಚಿ ಎಷ್ಟು ಬೇಕು ಎಂಬಲ್ಲಿ ಇನ್ನೂರು ಎಂದು ಬರೆದಿದ್ದರು.